ಓದುಗರ ಪ್ರಶ್ನೆ: ಪ್ರವಾಸ

ಪ್ರಶ್ನೆ: ಮಗಳು ಪ್ಯಾರಿಸ್‌ನಲ್ಲಿ ಓದುತ್ತಿದ್ದಾಳೆ. ಸೆಪ್ಟೆಂಬರ್‌ನಲ್ಲಿ ಲ್ವಾರ್ ನದಿ ಕಣಿವೆಗೆ ಹೋಗೋಣ ಅನ್ನುತ್ತಾಳೆ. ನಾವು ವೈನ್ ಮುಟ್ಟುವವರಲ್ಲ. ಅಲ್ಲಿ ನಮಗೇನಿದೆ?
– ಒಬ್ಬ ಓದುಗರು, ವಿದ್ಯಾನಗರ, ದಾವಣಗೆರೆ

ಉತ್ತರ: ಖಂಡಿತ ಹೋಗಿ ಬನ್ನಿ ಅಮ್ಮ. ದ್ರಾಕ್ಷಿ ಕೊಯ್ಲು ಶುರುವಾಗುವ ಕಾಲ ಅದು. ವೂವ್ರೆ ಊರಿನ ತೋಟಗಳ ನಡುವೆ ಸುಮ್ನೆ ನಡೆದರೂ ಸಂತೋಷ.

ತೂರ್ ಪಟ್ಟಣದಲ್ಲಿ ಉಳಿದುಕೊಳ್ಳಿ. ಪ್ಯಾರಿಸ್‌ನಿಂದ ವೇಗದ ರೈಲಿದೆ. ಒಂದೇ ಅರಮನೆ ನೋಡಲು ಸಮಯವಿದ್ದರೆ ನಾನು ಶೆನೊನ್ಸೋ ಅನ್ನುತ್ತೇನೆ. ಅದು ಲ್ವಾರ್‌ನ ಉಪನದಿ ಶೆರ್ ಮೇಲೆ, ಸೇತುವೆಯ ಕಮಾನುಗಳ ಮೇಲೇ ನಿಂತಿದೆ. ಎರಡನೇ ಮಹಾಯುದ್ಧದಲ್ಲಿ ಆ ನದಿಯೇ ಗಡಿ. ಮುಂಬಾಗಿಲು ಜರ್ಮನ್ನರ ಹಿಡಿತದಲ್ಲಿ, ಉದ್ದ ಹಜಾರದ ಆಚೆ ಬಾಗಿಲು ಅವರ ಹಿಡಿತವಿಲ್ಲದ ಕಡೆ! ಆ ಹಜಾರದಲ್ಲೇ ಜನ ತಪ್ಪಿಸಿಕೊಂಡು ಹೋದರು. ಅಲ್ಲಿ ನಿಧಾನವಾಗಿ ನಡೆಯಿರಿ, ಅವಸರ ಬೇಡ.

ಶಾಂಬೋರ್ ಅರಮನೆ ದೊಡ್ಡದು. 1519ರಲ್ಲಿ ಕಟ್ಟಲು ಶುರು ಮಾಡಿದ್ದು. ಅದರ ಜೋಡಿ ಸುರುಳಿ ಮೆಟ್ಟಿಲಲ್ಲಿ ಒಬ್ಬರು ಹತ್ತುತ್ತಾ ಒಬ್ಬರು ಇಳಿದರೂ ಎದುರಾಗುವುದಿಲ್ಲ. ಚಿತ್ರದುರ್ಗದ ಕೋಟೆ ಹತ್ತಿದ ಕಾಲಿಗೆ ಅದೇನೂ ಕಷ್ಟವಲ್ಲ. ಲಿಯೊನಾರ್ಡೊ ಡಾ ವಿಂಚಿ ಕೊನೆಯುಸಿರೆಳೆದ ಮನೆ ಆಂಬ್ವಾಜ್‌ನಲ್ಲಿದೆ.

ಮಗಳಿಗೆ ಸೈಕಲ್ ಇಷ್ಟವಿದ್ದರೆ, ನದಿಯುದ್ದಕ್ಕೂ ಸುಮಾರು 900 ಕಿ.ಮೀ. ಸೈಕಲ್ ದಾರಿ ಇದೆ, ಬಹುಪಾಲು ಸಮತಟ್ಟು. ಬಾಡಿಗೆ ಸೈಕಲ್ ಸಿಗುತ್ತದೆ. ಆದರೆ ಲ್ವಾರ್‌ನಲ್ಲಿ ಈಜಲು ಇಳಿಯಬೇಡಿ. ಮರಳ ದಿಬ್ಬ ನೋಡಿ ಆಳವಿಲ್ಲ ಅನ್ನಿಸುತ್ತದೆ, ಸೆಳೆತ ಜಾಸ್ತಿ. ಊಟಕ್ಕೆ ಅಲ್ಲಿನ ಮೇಕೆ ಹಾಲಿನ ಚೀಸ್, ಬ್ರೆಡ್ ಚೆನ್ನಾಗಿರುತ್ತವೆ. ಚಟ್ನಿಪುಡಿ ಒಯ್ಯಿರಿ.