ಮನೆಯಲ್ಲಿ ಜೋಡಿಸಿದ ಕಂಪ್ಯೂಟರಿಗೆ ಸದ್ದಿಲ್ಲದ ಫ್ಯಾನ್ ಆರಿಸುವುದು ಹೇಗೆ?

ನಮಸ್ಕಾರ. ರೈಜನ್ 5 7600 ಪ್ರೊಸೆಸರ್ ಹಾಕಿ ನೀವೇ ಜೋಡಿಸಿದ ಕಂಪ್ಯೂಟರು ಕಲಬುರಗಿಯ ನಿಮ್ಮ ಮನೆಯ ಮಲಗುವ ಕೋಣೆಯಲ್ಲಿದೆ, ಅದರ ಸದ್ದಿಗೆ ರಾತ್ರಿ ಮಗು ಎಚ್ಚರಗೊಳ್ಳುತ್ತದೆ, ಕ್ಯಾಬಿನೆಟ್ಟಿನ ಜೊತೆ ಬಂದ ಮೂರು ಫ್ಯಾನುಗಳನ್ನು ತೆಗೆದು ಡಬ್ಬಿಯ ಮೇಲೆ ಅತಿ ಕಡಿಮೆ ಡೆಸಿಬೆಲ್ ಬರೆದಿರುವ ಫ್ಯಾನುಗಳನ್ನು ಹಾಕಿದರೆ ಸರಿಹೋಗುತ್ತದೆಯೇ ಎಂದು ಕೇಳಿದ್ದೀರಿ. ದಯವಿಟ್ಟು ಆ ಅಂಕಿಯನ್ನು ನಂಬಿ ಕೊಳ್ಳಬೇಡಿ. ಅದನ್ನು ಸಾಮಾನ್ಯವಾಗಿ ಫ್ಯಾನಿನ ಮುಂದೆ ಹಿಂದೆ ಯಾವ ಅಡ್ಡಿಯೂ ಇಲ್ಲದ ನಿಶ್ಶಬ್ದ ಕೋಣೆಯಲ್ಲಿ ಅಳೆದಿರುತ್ತಾರೆ. ಅಳೆಯುವ ರೀತಿ ಒಂದೊಂದು ಕಂಪನಿಯದು ಒಂದೊಂದು. ಆದ್ದರಿಂದ ಒಂದರ 22 ಡೆಸಿಬೆಲ್ಲನ್ನು ಇನ್ನೊಂದರ 25ರ ಜೊತೆ ತೂಗಿ ನೋಡುವುದರಲ್ಲಿ ಅರ್ಥವಿಲ್ಲ.

ತಂದೆಯವರು ಹಾಡಿದ ಗಮಕದ ಹಳೆಯ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸುವ ಕೆಲಸವನ್ನು ನಾನು ಕೆಲವು ವರ್ಷಗಳಿಂದ ರಾತ್ರಿ ಹೊತ್ತು ಮಾಡುತ್ತಿದ್ದೇನೆ. ಟೇಪಿನ ಸಣ್ಣ ಸುಯ್ಯೆನ್ನುವಿಕೆ ಎಲ್ಲಿ ಮುಗಿಯುತ್ತದೆ, ಅವರು ಉಸಿರೆಳೆದುಕೊಳ್ಳುವುದು ಎಲ್ಲಿ ಕೇಳಿಸುತ್ತದೆ ಎಂದು ಕಿವಿಗೊಟ್ಟು ಗುರುತಿಸಬೇಕಾದ ಕೆಲಸ ಅದು, ಪಕ್ಕದಲ್ಲಿ ಫ್ಯಾನ್ ಮೊರೆಯುತ್ತಿದ್ದರೆ ಸಾಗುವುದೇ ಇಲ್ಲ. ಹಾಗಾಗಿ ಈ ವಿಷಯದಲ್ಲಿ ನಾನು ಸಾಕಷ್ಟು ಹಣವನ್ನೂ ಸಮಯವನ್ನೂ ಕಳೆದಿದ್ದೇನೆ.

ಕೊಳ್ಳುವ ಮೊದಲು ಸದ್ದು ಎಲ್ಲಿಂದ ಬರುತ್ತಿದೆ ಎಂದು ಖಚಿತಪಡಿಸಿಕೊಳ್ಳಿ. ಕಂಪ್ಯೂಟರ್ ಆಫ್ ಮಾಡಿ, ಪಕ್ಕದ ಬಾಗಿಲು ತೆಗೆದು, ಕ್ಯಾಬಿನೆಟ್ಟಿನ ಮೂರು ಫ್ಯಾನುಗಳ ವೈರನ್ನು ಕಳಚಿ (ಪ್ರೊಸೆಸರಿನ ಮೇಲಿರುವ ಫ್ಯಾನನ್ನು ಮಾತ್ರ ಮುಟ್ಟಬೇಡಿ), ಮತ್ತೆ ಆನ್ ಮಾಡಿ ಐದು ನಿಮಿಷ ಏನೂ ಕೆಲಸ ಕೊಡದೆ ಬಿಡಿ. ಸದ್ದು ಹಾಗೆಯೇ ಉಳಿದು, ಒಮ್ಮೆ ಏರಿ ಒಮ್ಮೆ ಇಳಿಯುತ್ತಿದ್ದರೆ, ತಪ್ಪು ಪ್ರೊಸೆಸರಿನ ಡಬ್ಬಿಯಲ್ಲಿಯೇ ಬಂದ ರೇತ್ ಸ್ಟೆಲ್ತ್ ಎಂಬ ಗಿಡ್ಡ ಕೂಲರಿನದು ಎಂದು ತಿಳಿಯಿರಿ. ಸಣ್ಣ ಫ್ಯಾನು, ತೆಳ್ಳನೆಯ ಅಲ್ಯೂಮಿನಿಯಂ. ಸ್ವಲ್ಪ ಬಿಸಿಯಾದರೂ ಅದು ಜೋರಾಗಿ ತಿರುಗಲೇಬೇಕಾಗುತ್ತದೆ. ಹಾಗಿದ್ದಲ್ಲಿ ಕ್ಯಾಬಿನೆಟ್ಟಿನ ಫ್ಯಾನುಗಳನ್ನು ಎಷ್ಟು ಸಲ ಬದಲಾಯಿಸಿದರೂ ಬೆಟ್ಟ ಅಗೆದು ಇಲಿ ಹಿಡಿದಂತೆ. ಅದರ ಬದಲು 120 ಮಿಲಿಮೀಟರ್ ಫ್ಯಾನ್ ಇರುವ, ಗೋಪುರದಂತೆ ಎತ್ತರದ ಕೂಲರ್ ಹಾಕಿಸಿ. ಆ ಪ್ರೊಸೆಸರು ಎಷ್ಟೇ ದುಡಿದರೂ ಕಂಪನಿ ಇಟ್ಟಿರುವ ವಿದ್ಯುತ್ತಿನ ಮಿತಿ 88 ವ್ಯಾಟ್. ಸಾಧಾರಣವಾದ ಗೋಪುರ ಕೂಲರೂ ಅದನ್ನು ಸಲೀಸಾಗಿ ತಡೆದುಕೊಳ್ಳುತ್ತದೆ.

ಸದ್ದು ಕ್ಯಾಬಿನೆಟ್ಟಿನ ಫ್ಯಾನುಗಳದ್ದೇ ಆಗಿದ್ದರೆ, ಅವುಗಳ ವೈರು ಎಲ್ಲಿಗೆ ಹೋಗಿದೆ ನೋಡಿ. ನನ್ನ ಮೊದಲ ಕ್ಯಾಬಿನೆಟ್ಟಿನಲ್ಲಿ ಮೂರೂ ಫ್ಯಾನುಗಳು ಮೋಲೆಕ್ಸ್ ಎಂಬ ಅಗಲವಾದ ಬಿಳಿ ಪಿನ್ನಿನ ಮೂಲಕ ನೇರವಾಗಿ ಎಸ್‌ಎಂಪಿಎಸ್‌ಗೆ (ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ಪೆಟ್ಟಿಗೆಗೆ) ಸೇರಿಕೊಂಡಿದ್ದವು. ಅಂದರೆ ಕಂಪ್ಯೂಟರು ಹೊತ್ತಿದ ಕ್ಷಣದಿಂದ ಆರುವವರೆಗೂ ಅವು ಪೂರ್ತಿ 12 ವೋಲ್ಟಿನಲ್ಲಿ, ಪೂರ್ತಿ ವೇಗದಲ್ಲಿ ತಿರುಗುತ್ತಿದ್ದವು, ಅವುಗಳನ್ನು ನಿಧಾನಗೊಳಿಸುವ ದಾರಿಯೇ ಮದರ್‌ಬೋರ್ಡಿಗೆ ಇರಲಿಲ್ಲ. ಅಗ್ಗದ ಕ್ಯಾಬಿನೆಟ್ಟುಗಳಲ್ಲಿ ಇದು ಬಹಳ ಸಾಮಾನ್ಯ. ನೀವು ಇನ್ನು ಕೊಳ್ಳುವ ಫ್ಯಾನಿಗೆ ನಾಲ್ಕು ಪಿನ್ನಿನ ಪಿಡಬ್ಲ್ಯುಎಂ (ಮದರ್‌ಬೋರ್ಡು ವೇಗವನ್ನು ಹತೋಟಿಯಲ್ಲಿಡುವ) ಜೋಡಣೆ ಇರಲೇಬೇಕು ಎಂದು ನಾನು ಒತ್ತಾಯಿಸುವುದು ಇದೇ ಕಾರಣಕ್ಕೆ. ಮೂರು ಪಿನ್ನಿನ ಫ್ಯಾನನ್ನೂ ವೋಲ್ಟೇಜ್ ತಗ್ಗಿಸಿ ನಿಧಾನಗೊಳಿಸಬಹುದು, ಆದರೆ ತೀರ ಕೆಳಗಿನ ವೇಗದಲ್ಲಿ ಹಲವು ಫ್ಯಾನುಗಳು ನಿಂತುಬಿಡುತ್ತವೆ. ನಾಲ್ಕು ಪಿನ್ನಿನವು ಇನ್ನೂ ನಿಧಾನವಾಗಿ ತಿರುಗಬಲ್ಲವು.

ಈ ವೇಗದ ಮಾತನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯ ಉತ್ತರ ಇಲ್ಲಿಯೇ ಇದೆ. ಒಂದೇ ಫ್ಯಾನಿನ ವೇಗವನ್ನು ನಿಮಿಷಕ್ಕೆ 1200 ಸುತ್ತಿನಿಂದ 600ಕ್ಕೆ ಇಳಿಸಿದರೆ ಅದು ನೂಕುವ ಗಾಳಿ ಅರ್ಧವಾಗುತ್ತದೆ, ಆದರೆ ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತದೆ. 10 ಡೆಸಿಬೆಲ್ ಇಳಿದರೆ ಕಿವಿಗೆ ಸದ್ದು ಹೆಚ್ಚುಕಡಿಮೆ ಅರ್ಧವಾದಂತೆ ಕೇಳುತ್ತದೆ. ಅಂತಹದೇ ಇನ್ನೊಂದು ಫ್ಯಾನನ್ನು ಪಕ್ಕದಲ್ಲಿಟ್ಟರೆ ಸದ್ದು ಏರುವುದು ಬರೀ 3 ಡೆಸಿಬೆಲ್. ಹೀಗಾಗಿ ಜೋರಾಗಿ ತಿರುಗುವ ಒಂದು ಫ್ಯಾನಿಗಿಂತ ಮೆಲ್ಲಗೆ ತಿರುಗುವ ಎರಡು ಫ್ಯಾನುಗಳು ಅಷ್ಟೇ ಗಾಳಿಯನ್ನು ಎಷ್ಟೋ ಕಡಿಮೆ ಸದ್ದಿನಲ್ಲಿ ಒಳಗೆ ತರುತ್ತವೆ. ಕ್ಯಾಬಿನೆಟ್ಟಿನಲ್ಲಿ 140 ಮಿಲಿಮೀಟರಿನ ಫ್ಯಾನಿಗೆ ಜಾಗವಿದ್ದರೆ ಅದನ್ನೇ ಹಾಕಿ. 120ರದಕ್ಕಿಂತ ಅದರ ಮುಖ ಮೂರನೆಯ ಒಂದು ಪಾಲಿಗಿಂತಲೂ ಹೆಚ್ಚು ದೊಡ್ಡದು.

ಆದರೆ ಕ್ಯಾಬಿನೆಟ್ಟಿನ ಮುಂಭಾಗಕ್ಕೆ ಪೂರ್ತಿ ಗಾಜು ಇದ್ದು, ಪಕ್ಕದ ಸಣ್ಣ ಸೀಳಿನಿಂದ ಮಾತ್ರ ಗಾಳಿ ಒಳಬರುವಂತಿದ್ದರೆ ಎಂತಹ ಫ್ಯಾನೂ ಏದುಸಿರು ಬಿಡುತ್ತದೆ. ನನ್ನಲ್ಲಿದ್ದದ್ದೂ ಅಂತಹದೇ. ಗಾಜನ್ನು ತೆಗೆದಿಟ್ಟ ಕೂಡಲೇ ಸದ್ದಿನ ಕೀರಲು ಹೋಗಿ ಮೆತ್ತನೆಯ ಸುಯ್ಯಿ ಮಾತ್ರ ಉಳಿಯಿತು. ಜಾಲರಿ ಮುಖದ ಕ್ಯಾಬಿನೆಟ್ ಕೊಳ್ಳಲು ನಾನು ನಿರ್ಧರಿಸಿದ್ದು ಆ ಸಂಜೆಯೇ.

ಯಾವ ಫ್ಯಾನ್ ಎಂದು ಹೆಸರು ಹೇಳಬೇಕೆಂದರೆ, ಕಡಿಮೆ ಖರ್ಚಿನಲ್ಲಿ ಆರ್ಕ್ಟಿಕ್ ಪಿ12 ಪಿಡಬ್ಲ್ಯುಎಂ ಪಿಎಸ್‌ಟಿ. ಅದು 200ರಿಂದ 1800 ಸುತ್ತಿನವರೆಗೆ ತಿರುಗುತ್ತದೆ, ಒಂದರ ಬಾಲಕ್ಕೆ ಇನ್ನೊಂದನ್ನು ಜೋಡಿಸಬಹುದಾದ್ದರಿಂದ ಮದರ್‌ಬೋರ್ಡಿನಲ್ಲಿ ಫ್ಯಾನ್ ಸಿಕ್ಕಿಸುವ ಜಾಗ ಒಂದೇ ಇದ್ದರೂ ಸಾಕು. ಖರ್ಚು ಮಾಡಲು ಮನಸ್ಸಿದ್ದರೆ ಆಸ್ಟ್ರಿಯಾದ ನಾಕ್ಟುವಾ ಕಂಪನಿಯ ಎನ್‌ಎಫ್-ಎ12x25. ಅಲಗಿನ ತುದಿಗೂ ಚೌಕಟ್ಟಿಗೂ ನಡುವೆ ಅರ್ಧ ಮಿಲಿಮೀಟರ್ ಮಾತ್ರ ಸಂದು ಬಿಟ್ಟು ಮಾಡಿರುವ ಫ್ಯಾನು ಅದು, ಆರು ವರ್ಷದ ವಾರಂಟಿ ಇದೆ. ನನ್ನ ಪ್ರೊಸೆಸರಿನ ಮೇಲೆ ಅದನ್ನು ಹಾಕಿಕೊಂಡಿದ್ದೇನೆ, ಉಳಿದ ಕಡೆಗೆಲ್ಲ ಅಗ್ಗದ್ದೇ ಸಾಕಾಗಿದೆ. ಬೇರೆ ಯಾವುದನ್ನು ಕೊಂಡರೂ ಫ್ಲೂಯಿಡ್ ಡೈನಾಮಿಕ್ ಬೇರಿಂಗ್ (ಎಣ್ಣೆಯ ಪದರದ ಮೇಲೆ ತಿರುಗುವ ಬೇರಿಂಗ್) ಇದೆಯೇ ಎಂದು ಕೇಳಿ. ಸಾದಾ ಸ್ಲೀವ್ ಬೇರಿಂಗಿನ ಫ್ಯಾನನ್ನು ಕ್ಯಾಬಿನೆಟ್ಟಿನ ಚಾವಣಿಗೆ ಅಡ್ಡಲಾಗಿ ಕೂರಿಸಿದರೆ ಬೇಗ ಸವೆದು ಗರಗರ ಎನ್ನತೊಡಗುತ್ತದೆ.

ಹಾಕಿದ ಮೇಲೆ ಬಯಾಸಿನಲ್ಲಿ (ಕಂಪ್ಯೂಟರ್ ಹೊತ್ತುವಾಗ ತೆರೆಯಬಹುದಾದ ಮದರ್‌ಬೋರ್ಡಿನ ಸೆಟ್ಟಿಂಗ್ ಪುಟದಲ್ಲಿ) ವೇಗವನ್ನು ಹೊಂದಿಸದಿದ್ದರೆ ಕೊಟ್ಟ ಹಣ ಅರ್ಧ ವ್ಯರ್ಥ. ರೈಜನ್ ಪ್ರೊಸೆಸರಿನ ಶಾಖ ಒಂದು ಬ್ರೌಸರ್ ತೆರೆದರೂ ಕ್ಷಣದಲ್ಲಿ ಹದಿನೈದು ಡಿಗ್ರಿ ಜಿಗಿದು ಮತ್ತೆ ಇಳಿಯುತ್ತದೆ, ಫ್ಯಾನೂ ಅದರ ಹಿಂದೆಯೇ ಏರಿಳಿಯುತ್ತದೆ. ಮಲಗಿದ ಮಗುವನ್ನು ಎಬ್ಬಿಸುವುದು ಒಂದೇ ಸಮನೆಯ ಸದ್ದಿಗಿಂತ ಹೀಗೆ ತಟ್ಟನೆ ಏರುವ ಸದ್ದು ಎಂಬುದು ನನ್ನ ಅನುಭವ. ಎಷ್ಟು ಶಾಖಕ್ಕೆ ಎಷ್ಟು ವೇಗ ಎಂದು ಅಲ್ಲಿ ತೋರಿಸುವ ಗೆರೆಯನ್ನು 65 ಡಿಗ್ರಿಯವರೆಗೆ ವೇಗ ಬದಲಾಗದಂತೆ ಸಪಾಟಾಗಿಡಿ, ವೇಗ ಏರಲು ಕೆಲವು ಸೆಕೆಂಡು ತಡವಾಗುವ ಆಯ್ಕೆ ನಿಮ್ಮ ಬೋರ್ಡಿನಲ್ಲಿದ್ದರೆ ಅದನ್ನೂ ಹಾಕಿ. ಈ ಪ್ರೊಸೆಸರಿನ ಗರಿಷ್ಠ ಮಿತಿ 95 ಡಿಗ್ರಿ; ಭಾರವಾದ ಕೆಲಸದಲ್ಲಿ 80 ಕಂಡರೆ ಹೆದರಬೇಕಾಗಿಲ್ಲ.

ಇನ್ನೊಂದು ಸಂಗತಿ ನನ್ನನ್ನು ಬಹಳ ದಿನ ಕಾಡಿತ್ತು. ಹೊಸ ಫ್ಯಾನುಗಳೆಲ್ಲ ಮೆಲ್ಲಗೆ ತಿರುಗುತ್ತಿದ್ದರೂ ಕೋಣೆಯಲ್ಲಿ ವೂಂ... ವೂಂ... ವೂಂ ಎಂದು ಅಲೆಯಂತೆ ಬಂದು ಹೋಗುವ ಸದ್ದು ಇತ್ತು. ಒಂಬತ್ತು ಅಲಗಿನ ಎರಡು ಫ್ಯಾನುಗಳಲ್ಲಿ ಒಂದು 1000 ಸುತ್ತು, ಇನ್ನೊಂದು 1020 ಸುತ್ತು ತಿರುಗುತ್ತಿದ್ದವು. ಮೊದಲನೆಯದರ ಅಲಗುಗಳು ಸೆಕೆಂಡಿಗೆ 150 ಸಲ ಗಾಳಿಯನ್ನು ಕಡಿದರೆ ಎರಡನೆಯದರವು 153 ಸಲ. ಎರಡೂ ಸ್ವರ ಸೇರಿ ಸೆಕೆಂಡಿಗೆ ಮೂರು ಸಲ ಉಬ್ಬಿ ಇಳಿಯುತ್ತವೆ, ಶ್ರುತಿ ಸರಿಯಾಗಿ ಕೂಡದ ತಂಬೂರಿಯ ಎರಡು ತಂತಿಗಳ ಹಾಗೆ. ಮುಂದಿನವನ್ನು 800ಕ್ಕೂ ಹಿಂದಿನದನ್ನು 950ಕ್ಕೂ ಇಟ್ಟ ಮೇಲೆ ಅದು ನಿಂತಿತು.

ಕಲಬುರಗಿಯ ಬಿಸಿಲಿನ ವಿಚಾರ. ಫ್ಯಾನು ಕೋಣೆಯ ಗಾಳಿಗಿಂತ ತಂಪಾದ ಗಾಳಿಯನ್ನು ಕೊಡಲಾರದು. ಡಿಸೆಂಬರಿನಲ್ಲಿ ಕೋಣೆ 26 ಡಿಗ್ರಿ ಇದ್ದಾಗ 70ರಲ್ಲಿರುವ ಪ್ರೊಸೆಸರು, ಏಪ್ರಿಲ್‌ನಲ್ಲಿ ಕೋಣೆ 36 ಆದಾಗ ಅದೇ ಕೆಲಸಕ್ಕೆ, ಅದೇ ಫ್ಯಾನ್ ವೇಗದಲ್ಲಿ 80ರ ಆಸುಪಾಸಿಗೆ ಬರುತ್ತದೆ. ಆದ್ದರಿಂದ ವೇಗದ ಗೆರೆಯನ್ನು ಚಳಿಗಾಲದಲ್ಲಿ ಹೊಂದಿಸಿ ಮರೆಯಬೇಡಿ, ಬೇಸಗೆಯ ಒಂದು ಸಂಜೆ ಮತ್ತೆ ಕುಳಿತು ತಿದ್ದಿ. ಆಗಲೂ ಸದ್ದು ಜಾಸ್ತಿ ಎನಿಸಿದರೆ ಬಯಾಸಿನಲ್ಲಿ ಪ್ರೊಸೆಸರಿನ 88 ವ್ಯಾಟ್ ಮಿತಿಯನ್ನು 65ಕ್ಕೆ ಇಳಿಸಿ ನೋಡಿ. ದಿನನಿತ್ಯದ ಕೆಲಸದಲ್ಲಿ ವ್ಯತ್ಯಾಸ ತಿಳಿಯುವುದೇ ಇಲ್ಲ. ಮುಂದೆ ಎರಡು ಫ್ಯಾನ್ ಒಳಗೆ ಎಳೆಯಲಿ, ಹಿಂದೆ ಒಂದು ಹೊರಗೆ ತಳ್ಳಲಿ. ಒಳಗೆ ಗಾಳಿಯ ಒತ್ತಡ ತುಸು ಹೆಚ್ಚಿದ್ದರೆ ಸಂದುಗೊಂದುಗಳಿಂದ ಧೂಳು ನುಗ್ಗದೆ ಮುಂದಿನ ಸೋಸುಬಟ್ಟೆಯಲ್ಲಿಯೇ ಉಳಿಯುತ್ತದೆ. ಅದನ್ನು ತಿಂಗಳಿಗೊಮ್ಮೆ ಬಿಚ್ಚಿ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿದ ಮೇಲೆ ಹಾಕಿ. ಧೂಳು ಕಟ್ಟಿಕೊಂಡರೆ ಪ್ರೊಸೆಸರು ಹೆಚ್ಚು ಕಾಯುತ್ತದೆ, ಫ್ಯಾನಿನ ಸದ್ದೂ ಅದರ ಬೆನ್ನಿಗೇ ಏರುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಮೇಜಿಗೆ ಕೈಯಿಟ್ಟರೆ ತಿಳಿಯುವಂತಹ ಗುಂಯ್‌ಗುಡುವಿಕೆ ಉಳಿದರೆ, ನಿಮ್ಮ ಕಂಪ್ಯೂಟರಿನಲ್ಲಿ ಹಳೆಯ ಹಾರ್ಡ್ ಡಿಸ್ಕ್ ಇದೆಯೇ ನೋಡಿ. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕು ಸೆಕೆಂಡಿಗೆ 120 ಸಲ ಕ್ಯಾಬಿನೆಟ್ಟಿನ ತಗಡನ್ನು ನಡುಗಿಸುತ್ತದೆ. ಅದರ ಸ್ಕ್ರೂಗಳ ಅಡಿಗೆ ರಬ್ಬರ್ ವಾಷರ್ ಹಾಕಿದರೆ ನಡುಕ ಬಹುಮಟ್ಟಿಗೆ ಇಳಿಯುತ್ತದೆ.