ಹಾಡಿದ್ದು ಯಾರು, ಖರ್ಚು ಯಾರದು? ಕೆ-ಪಾಪ್ ಚಿತ್ರದ ಸುತ್ತ ಓದುಗರ ಪ್ರಶ್ನೆಗಳು

ಪ್ರಶ್ನೆ: 'ಕೆಪಾಪ್ ಡೀಮನ್ ಹಂಟರ್ಸ್' ಚಿತ್ರದಲ್ಲಿ ರೂಮಿಯ ಮಾತು, ಹಾಡು ಎರಡೂ ಒಬ್ಬರದೇ ದನಿಯೇ?

ಉತ್ತರ: ಅಲ್ಲ. 2025ರ ಜೂನ್ 20ರಂದು ನೆಟ್‌ಫ್ಲಿಕ್ಸ್‌ಗೆ ಬಂದ, ಕೆ-ಪಾಪ್ (ಕೊರಿಯಾದ ಪಾಪ್ ಸಂಗೀತ) ತಾರೆಯರ ಕಥೆಯ ಈ ಚಿತ್ರದ ಮೂಲ ಇಂಗ್ಲಿಷ್ ಆವೃತ್ತಿಯಲ್ಲಿ ಕಥೆಯ ಗಾಯಕಿ ರೂಮಿಯ ಮಾತು ಆರ್ಡೆನ್ ಚೋ ಅವರದು, ಹಾಡು ಈಜೆ ಅವರದು. ಅವಳ ತಂಡದ ಮೀರಾ ಮತ್ತು ಜೋಯಿಗೆ ಹಾಡಿದವರು ಆಡ್ರಿ ನೂನಾ ಮತ್ತು ರೇ ಆಮಿ.

ಈಜೆ ಎಳೆ ವಯಸ್ಸಿನಿಂದ ಹತ್ತು ವರ್ಷಕ್ಕೂ ಹೆಚ್ಚು ಕಾಲ ಎಸ್‌ಎಂ ಎಂಬ ಕೊರಿಯಾದ ಸಂಗೀತ ಸಂಸ್ಥೆಯಲ್ಲಿ ಟ್ರೈನಿ (ತಾರೆಯಾಗಲು ತರಬೇತಿ ಪಡೆಯುವವರು) ಆಗಿದ್ದವರು. ಡೆಬ್ಯೂ, ಅಂದರೆ ತಾರೆಯಾಗಿ ಮೊದಲ ಪ್ರವೇಶ, ಆಗಲೇ ಇಲ್ಲ. ಆಮೇಲೆ ಹಾಡು ಕಟ್ಟುವ ಕೆಲಸಕ್ಕೆ ಇಳಿದು, ರೆಡ್ ವೆಲ್ವೆಟ್ ತಂಡದ 'ಸೈಕೋ' ರಚನೆಯಲ್ಲಿ ಕೈಜೋಡಿಸಿದರು. ಈ ಚಿತ್ರದ 'ಗೋಲ್ಡನ್' ಹಾಡಿನ ರಚನೆಯಲ್ಲೂ ಅವರ ಪಾಲಿದೆ. ತಾರೆಯಾಗಲು ಬಿಡದ ಉದ್ಯಮದ ಕಥೆಯಲ್ಲಿ ತಾರೆಯ ದನಿಯೇ ಅವರದಾಯಿತು. ಇಡೀ ಚಿತ್ರದಲ್ಲಿ ಇದಕ್ಕಿಂತ ಮನಮುಟ್ಟುವ ಸಂಗತಿ ಇನ್ನೊಂದಿಲ್ಲ.

'ಗೋಲ್ಡನ್' ಹಾಡಲು ಹೊರಟವರಿಗೆ ಒಂದು ಮಾತು. ಅದರ ಅತಿ ಮೇಲಿನ ಸ್ವರ ಪಾಶ್ಚಾತ್ಯ ಸಂಗೀತದ ಎ5 ಎಂಬ ಬಹಳ ಎತ್ತರದ ಸ್ವರವನ್ನು ಮುಟ್ಟುತ್ತದೆ. ಎದೆದನಿಯನ್ನೇ ಅಲ್ಲಿಯವರೆಗೆ ತಳ್ಳಿದರೆ ಗಂಟಲು ಬಿಗಿದು ದನಿ ಒಡೆಯುತ್ತದೆ. ಮೊದಲು ಶ್ರುತಿಯನ್ನು ಮೂರು ನಾಲ್ಕು ಮನೆ (ಅರ್ಧ ಸ್ವರ) ಇಳಿಸಿಕೊಳ್ಳಿ. ಎದೆದನಿ, ತಲೆದನಿ ಬೆರೆಸುವುದು ರೂಢಿಯಾದಂತೆ ಒಂದೊಂದೇ ಮನೆ ಏರಿಸಿ.

ಪ್ರಶ್ನೆ: ಅಷ್ಟು ವರ್ಷದ ತರಬೇತಿಯ ಖರ್ಚು ಯಾರು ಹೊರುತ್ತಾರೆ? ಚಿತ್ರದಲ್ಲಿ ಇದರ ಸುಳಿವೇ ಇಲ್ಲ.

ಉತ್ತರ: ಮೊದಲು ಹೊರುವುದು ಸಂಸ್ಥೆ. ಆಮೇಲೆ ವಸೂಲಿ ಹೇಗೆ ಎನ್ನುವುದು ಒಪ್ಪಂದದ ಮೇಲೆ ನಿಂತಿದೆ. ಲೆಕ್ಕ ತಿಳಿಯಲು ಒಂದು ಉದಾಹರಣೆ: ಐವರ ತಂಡ 10 ಕೋಟಿ ವೊನ್ (ಕೊರಿಯಾದ ಹಣ) ಗಳಿಸಿತು ಎನ್ನಿ. ವಿಡಿಯೊ, ಉಡುಪು, ವಸತಿ, ವಾಹನ ಎಂದು 7 ಕೋಟಿ ಕಳೆಯಿತು. ಉಳಿದ 3 ಕೋಟಿಯನ್ನು ಸಂಸ್ಥೆಯೊಂದಿಗೆ ಸಮಪಾಲು ಮಾಡಿದರೆ ತಂಡಕ್ಕೆ ಒಂದೂವರೆ ಕೋಟಿ, ತಲಾ 30 ಲಕ್ಷ. ಅದೇ ಖರ್ಚು 12 ಕೋಟಿಯಾದರೆ ಕೈಗೆ ಸೊನ್ನೆ. ಎಷ್ಟೋ ಒಪ್ಪಂದಗಳಲ್ಲಿ ಕೊರತೆಯ 2 ಕೋಟಿ ಮುಂದಿನ ಲೆಕ್ಕಕ್ಕೆ ದಾಟುತ್ತದೆ. ಟಿವಿಯಲ್ಲಿ ದಿನವೂ ಕಾಣುವ ತಂಡಕ್ಕೂ ವರ್ಷಗಟ್ಟಲೆ ಸಂಬಳ ಬರದಿರುವುದು ಹೀಗೆ.

ಅರ್ಧಕ್ಕೆ ಬಿಟ್ಟು ಹೋಗುವ ಟ್ರೈನಿಗಳ ಪಾಡು ಇನ್ನೂ ಕಷ್ಟದ್ದಿತ್ತು. ತರಬೇತಿಗೆ ಹಾಕಿದ ಹಣದ ಎರಡು ಮೂರು ಪಟ್ಟು ದಂಡ ಕಟ್ಟಬೇಕೆಂಬ ಷರತ್ತುಗಳಿದ್ದವು. ಕೊರಿಯಾದ ನ್ಯಾಯಯುತ ವ್ಯಾಪಾರ ಆಯೋಗ 2017ರಲ್ಲಿ ಅಂಥ ಷರತ್ತುಗಳನ್ನು ತಿದ್ದಿಸಿತು. ಅದಕ್ಕೂ ಮುಂಚೆ, 2009ರ ಜುಲೈನಲ್ಲಿ, ಅದೇ ಆಯೋಗ ಮಾದರಿ ಒಪ್ಪಂದ ತಂದು ಅದರ ಅವಧಿಗೆ 7 ವರ್ಷದ ಮಿತಿ ಹಾಕಿತ್ತು. ಟಿವಿಎಕ್ಸ್‌ಕ್ಯೂ ಎಂಬ ಕೆ-ಪಾಪ್ ತಂಡದ ಮೂವರು 13 ವರ್ಷದ ಒಪ್ಪಂದದ ವಿರುದ್ಧ ಕೋರ್ಟಿಗೆ ಹೋದದ್ದೂ ಅದೇ ತಿಂಗಳು. ಒಪ್ಪಂದ ಮುಗಿಯುವ ಏಳನೇ ವರ್ಷ ಬಂತೆಂದರೆ ಅಭಿಮಾನಿಗಳ ಎದೆ ಹೊಡೆದುಕೊಳ್ಳುವುದು ಈ ಮಿತಿಯಿಂದಲೇ.

ಪ್ರಶ್ನೆ: 'ಸಾಜಾ ಬಾಯ್ಸ್' ಎಂದರೆ ಏನರ್ಥ?

ಉತ್ತರ: ಚಿತ್ರದಲ್ಲಿ ರಾಕ್ಷಸರೇ ಇರುವ ಎದುರಾಳಿ ಗಾಯಕರ ತಂಡದ ಹೆಸರಿದು. ಕೊರಿಯನ್‌ನಲ್ಲಿ 'ಸಾಜಾ' ಎಂದರೆ ಸಿಂಹ. ಸತ್ತವರನ್ನು ಕರೆದೊಯ್ಯುವ ಯಮದೂತನಿಗೂ 'ಜೊಸುಂಗ್ ಸಾಜಾ' ಎನ್ನುತ್ತಾರೆ. ಕಪ್ಪು ನಿಲುವಂಗಿ, ಕಪ್ಪು 'ಗಾತ್' ಟೊಪ್ಪಿ ಆ ದೂತನ ವೇಷ.

ಪ್ರಶ್ನೆ: ಚಿತ್ರದಲ್ಲಿರುವಂಥ ಫ್ಯಾನ್‌ಸೈನ್‌ಗೆ ಹೋಗುವುದು ಹೇಗೆ?

ಉತ್ತರ: ತಾರೆಯರು ಅಭಿಮಾನಿಗಳನ್ನು ಕಂಡು ಸಹಿ ಹಾಕಿಕೊಡುವ ಈ ಕಾರ್ಯಕ್ರಮ ಸಾಲಿನಲ್ಲಿ ನಿಂತರೆ ಸಿಗುವುದಲ್ಲ, ಸಾಮಾನ್ಯವಾಗಿ ಅದು ಲಾಟರಿ. ಗೊತ್ತುಪಡಿಸಿದ ಅಂಗಡಿಯಲ್ಲಿ, ಗೊತ್ತುಪಡಿಸಿದ ದಿನಗಳೊಳಗೆ ಆಲ್ಬಂ ಕೊಂಡರೆ ಒಂದು ಪ್ರತಿಗೆ ಒಂದು ಅವಕಾಶ. ಹಾಗಾಗಿಯೇ ಜನ ಹತ್ತಾರು ಪ್ರತಿ ಕೊಳ್ಳುತ್ತಾರೆ, ಒಳಗಿರುವ ಫೋಟೊಕಾರ್ಡ್ (ತಾರೆಯರ ಚಿತ್ರದ ಚೀಟಿ) ತೆಗೆದುಕೊಂಡು ಉಳಿದದ್ದನ್ನು ಎಸೆಯುತ್ತಾರೆ. ಇದು ಈ ಉದ್ಯಮಕ್ಕೆ ಶೋಭೆಯಲ್ಲ. ಅರ್ಜಿಯ ಹೆಸರು ಗುರುತಿನ ಚೀಟಿಯೊಂದಿಗೆ ಹೊಂದದಿದ್ದರೆ ಗೆದ್ದವರೂ ಬಾಗಿಲಿಂದಲೇ ವಾಪಸ್. ಪಾಸ್‌ಪೋರ್ಟ್‌ನಲ್ಲಿರುವ ಅಕ್ಷರಗಳನ್ನೇ ಬರೆಯಿರಿ. ಒಬ್ಬೊಬ್ಬ ಸದಸ್ಯರ ಮುಂದೆ ಸಿಗುವುದು ಸ್ವಲ್ಪವೇ ಹೊತ್ತು. ಕೇಳಬೇಕಾದ್ದನ್ನು ಸಣ್ಣ ಅಂಟುಚೀಟಿಯಲ್ಲಿ ಬರೆದು, ಉತ್ತರಕ್ಕೆ ಜಾಗ ಬಿಟ್ಟು, ಅವರು ಸಹಿ ಹಾಕುವ ಪುಟಕ್ಕೆ ಮೊದಲೇ ಅಂಟಿಸಿಡಿ.