ಕಲೆ ಗಾಢವಾದಷ್ಟೂ ಒಳ್ಳೆಯದೇ?

ಪತ್ರ: ಸೊಂಟನೋವಿಗೆ ಚೀನೀ ಕಪ್ಪಿಂಗ್ (ಮೈಮೇಲೆ ಕಪ್ ಕವುಚಿ ಚರ್ಮವನ್ನು ಮೇಲಕ್ಕೆಳೆಯುವ ಚಿಕಿತ್ಸೆ) ಮಾಡಿಸಿಕೊಂಡೆ. ಬೆನ್ನ ತುಂಬ ನೇರಳೆ ಕಲೆ, ಒಂದು ಕಡೆ ನೀರುಗುಳ್ಳೆ. ‘ವಿಷ ಹೊರಬರುತ್ತಿದೆ, ಗಾಢವಾದಷ್ಟೂ ಒಳ್ಳೆಯದು’ ಎಂದರು ಮಾಡಿದವರು. ನಿಜವೇ? ಮತ್ತೆ ಹೋಗಬಹುದೇ?

ಸಂಪಾದಕರ ಉತ್ತರ: ನಿಜವಲ್ಲ. ಕಪ್ ನಿಮ್ಮ ಚರ್ಮವನ್ನು ಮೇಲಕ್ಕೆಳೆದಾಗ ಸೂಕ್ಷ್ಮ ರಕ್ತನಾಳಗಳು ಒಡೆದು, ರಕ್ತ ಚರ್ಮದಡಿಯಲ್ಲೇ ನಿಲ್ಲುತ್ತದೆ. ಹೊರಗೆ ಏನೂ ಬಂದಿಲ್ಲ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಈಜುಗಾರ ಮೈಕೆಲ್ ಫೆಲ್ಪ್ಸ್ ಭುಜದ ಮೇಲಿದ್ದುದೂ ಇದೇ ಕಲೆ. ಎಳೆತ ಜೋರಾದರೆ, ಹೊತ್ತು ಹೆಚ್ಚಾದರೆ ಬಣ್ಣ ಗಾಢವಾಗುತ್ತದೆ. ಸಾಮಾನ್ಯವಾಗಿ ಒಂದೆರಡು ವಾರದೊಳಗೆ ಮಾಯುತ್ತದೆ.

ಗುಳ್ಳೆಯದು ಬೇರೆ ವಿಚಾರ, ಅದು ಕೈಚಳಕದ ಕೊರತೆ. ಬೆಂಕಿ ಕಪ್ಪಿಂಗ್‌ನಲ್ಲಿ ಚಿಮಟದಲ್ಲಿ ಹಿಡಿದ ಹತ್ತಿಯುಂಡೆಯನ್ನು ಸ್ಪಿರಿಟ್‌ನಲ್ಲಿ ಅದ್ದಿ, ತೊಟ್ಟಿಕ್ಕದಂತೆ ಹಿಂಡಿ, ಹಚ್ಚಬೇಕು. ಉರಿಯನ್ನು ಗಾಜಿನ ಕಪ್ಪಿನೊಳಗೆ ಒಂದೆರಡು ಸೆಕೆಂಡು ಆಡಿಸಿ ಹೊರಗೆಳೆದು, ತಕ್ಷಣ ಕಪ್ಪನ್ನು ಬೆನ್ನಿಗಿಡಬೇಕು. ಒಳಗಿನ ಬಿಸಿಗಾಳಿ ತಣಿದು ಕುಗ್ಗುವುದರಿಂದಲೇ ಚರ್ಮ ಮೇಲೇಳುವುದು. ಉರಿ ಕಪ್ಪಿನ ಅಂಚಿಗೆ ತಾಗಿದರೆ ಬಳೆಯಾಕಾರದ ಸುಟ್ಟ ಗಾಯ. ಸ್ಪಿರಿಟ್ ತೊಟ್ಟಿಕ್ಕಿದರೆ ಇನ್ನೂ ಕೆಟ್ಟದ್ದು. ಇಡುವಾಗ ಚುರುಗುಟ್ಟದೆ, ಆಮೇಲೆ ವೃತ್ತದ ನಡುವೆ ತಿಳಿನೀರಿನ ಗುಳ್ಳೆ ಎದ್ದಿದ್ದರೆ ಕಪ್ಪನ್ನು ಹೆಚ್ಚು ಹೊತ್ತು ಬಿಟ್ಟಿರಬೇಕು. ಸಾಮಾನ್ಯ ಅವಧಿ 5ರಿಂದ 10 ನಿಮಿಷ; ಮೊದಲ ಸಲಕ್ಕೆ ಐದೇ ಸಾಕು. ತೆಗೆಯುವಾಗ ಕೀಳಬಾರದು, ಅಂಚಿನ ಪಕ್ಕದ ಚರ್ಮವನ್ನು ಬೆರಳಿನಿಂದ ಒತ್ತಿ ಗಾಳಿ ಬಿಡಬೇಕು.

ಈ ವಿದ್ಯೆ ಹಳೆಯದೇನೋ ಹೌದು. ಚೀನಾದ ಹುನಾನ್ ಪ್ರಾಂತ್ಯದ ಮಾವಾಂಗ್‌ಡುಯಿ ಎಂಬಲ್ಲಿನ ಪುರಾತನ ಸಮಾಧಿಯಲ್ಲಿ 1973ರಲ್ಲಿ ಸಿಕ್ಕ ರೇಷ್ಮೆ ಹಸ್ತಪ್ರತಿಯಲ್ಲಿ ಕಪ್ಪಿನ ಬದಲು ಪ್ರಾಣಿಯ ಕೊಂಬಿನಿಂದ ಎಳೆಯುವ ಕ್ರಮವಿದೆ. ಸೊಂಟನೋವಿಗಲ್ಲ, ಮೂಲವ್ಯಾಧಿಗೆ! ಬೆನ್ನು, ಕತ್ತಿನ ನೋವು ಕೆಲಕಾಲ ತಗ್ಗಿದ್ದನ್ನು ಕೆಲವು ಅಧ್ಯಯನಗಳು ಕಂಡಿವೆ. ಆದರೆ ಹೆಚ್ಚಿನವು ಚಿಕ್ಕವು. ಕಪ್ ಎಳೆಯಿತೋ ಇಲ್ಲವೋ ಎಂಬುದನ್ನು ರೋಗಿಯಿಂದ ಮುಚ್ಚಿಡುವುದೂ ಕಷ್ಟ; ಹಾಗಾಗಿ ನೋವು ತಗ್ಗಿದ್ದು ಕಪ್ಪಿನಿಂದಲೋ ನಂಬಿಕೆಯಿಂದಲೋ ಹೇಳಲಾಗದು. ಬಿಗಿದ ಸ್ನಾಯು ಸಡಿಲವಾದಂತೆ ಅನಿಸುವುದಕ್ಕೆ ನಮ್ಮ ತಕರಾರಿಲ್ಲ. ಬಿಪಿ, ಸಕ್ಕರೆ ಕಾಯಿಲೆ ವಾಸಿಮಾಡುತ್ತೇವೆ ಎಂದರೆ ಎದ್ದು ಬನ್ನಿ.

ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್, ಕ್ಲೋಪಿಡೋಗ್ರೆಲ್‌ನಂಥ ಮಾತ್ರೆ ನುಂಗುವವರಿಗೆ ಇದು ಬೇಡ. ಗರ್ಭಿಣಿಯರ ಹೊಟ್ಟೆ, ಸೊಂಟದ ಮೇಲೂ, ಉಬ್ಬಿದ ರಕ್ತನಾಳ, ಗಾಯ, ಇಸುಬಿನ ಮೇಲೂ ಕಪ್ಪಿಡಬಾರದು. ಸಕ್ಕರೆ ಕಾಯಿಲೆಯವರು ವೈದ್ಯರನ್ನು ಕೇಳದೆ ಹೋಗಬಾರದು. ಅವರ ಗಾಯ ಬೇಗ ಮಾಯದು.

ಗುಳ್ಳೆಯನ್ನು ಒಡೆಯಬೇಡಿ, ಸ್ವಚ್ಛ ಬಟ್ಟೆಯಿಂದ ಸಡಿಲವಾಗಿ ಮುಚ್ಚಿಡಿ. ಕೀವು, ಜ್ವರ ಬಂದರೆ ವೈದ್ಯರಿಗೆ ತೋರಿಸಿ. ಚರ್ಮ ಪೂರ್ತಿ ಮಾಯುವವರೆಗೆ ಅಲ್ಲಿ ಮತ್ತೆ ಕಪ್ಪಿಂಗ್ ಬೇಡ. ನೋವು ಕಾಲಿಗಿಳಿದು ಜೋಮು ಹಿಡಿದಿದ್ದರೆ ಮೂಳೆ ವೈದ್ಯರನ್ನು ಕಾಣಿ. ಮೂತ್ರ ಕಟ್ಟಿದರೆ, ಕಾಲಿನ ಬಲ ಕುಂದಿದರೆ ಅಂದೇ ಆಸ್ಪತ್ರೆಗೆ ಹೋಗಿ.